ಕನ್ನಡದಲ್ಲಿ ವೆಬ್‌ಸೈಟ್: ಮಾಡಿಸುವವರೂ ಮಾಡುವವರೂ ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪ್ರಶ್ನೆಗಳು ಎರಡು ಕಡೆಯಿಂದ ಬಂದವು. ದುಡ್ಡು ಕೊಟ್ಟು ಸೈಟ್ ಮಾಡಿಸುವ ಹೋಮ್‌ಸ್ಟೇ, ಕ್ಲಿನಿಕ್, ಶಾಲೆ, ಸಹಕಾರ ಸಂಘದವರು ಕೇಳಿದ್ದು ಕೆಲವು. ಅದನ್ನು ಕಟ್ಟಿಕೊಡುವವರು ಕೇಳಿದ್ದು ಕೆಲವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇವೆ. ಮೊದಲಿನವು ಯಾರಿಗೂ ಅರ್ಥವಾಗುತ್ತವೆ, ಕೊನೆಯವು ಕೋಡ್ ಬರೆಯುವವರಿಗೆ.

## ಶುರುವಿಗೆ ಮುಂಚೆ

ವಾಟ್ಸ್‌ಆ್ಯಪ್ ಇದೆ, ಇನ್‌ಸ್ಟಾಗ್ರಾಂ ಇದೆ. ಬೇರೆ ವೆಬ್‌ಸೈಟ್ ಯಾಕ್ ಬೇಕು ಸಾರ್?

ಬೇಡದಿರಲೂಬಹುದು. ಊರಿನ ಗಿರಾಕಿಗಳೇ ಬರುವ ಟೈಲರ್ ಅಂಗಡಿಗೆ ಗೂಗಲ್ ಮ್ಯಾಪ್‌ನಲ್ಲಿ ಸರಿಯಾದ ಜಾಗ, ತೆರೆಯುವ ಸಮಯ, ಫೋನ್ ನಂಬರ್ ಇದ್ದರೆ ಸಾಕು. ಅದಕ್ಕೆ ದುಡ್ಡೂ ಇಲ್ಲ. ಸೈಟ್ ಬೇಕಾಗುವುದು ಒಂದೇ ಪ್ರಶ್ನೆಗೆ ದಿನಕ್ಕೆ ಹತ್ತಾರು ಸಲ ಫೋನಿನಲ್ಲಿ ಉತ್ತರ ಹೇಳಿ ಗಂಟಲು ಒಣಗುತ್ತಿರುವಾಗ.

ಒಂದು ವಾರ ಬರುವ ಕರೆಗಳನ್ನು ಹಾಳೆಯ ಮೇಲೆ ಗೀಟು ಹಾಕಿ ಎಣಿಸಿ: ರೇಟು ಕೇಳಿದ್ದು ಎಷ್ಟು, ದಾರಿ ಕೇಳಿದ್ದು ಎಷ್ಟು, 'ಇವತ್ತು ತೆಗೆದಿದೆಯಾ' ಎಂದದ್ದು ಎಷ್ಟು. ಹೆಚ್ಚು ಗೀಟು ಬಿದ್ದ ಮೂರು-ನಾಲ್ಕು ಪ್ರಶ್ನೆಗಳ ಉತ್ತರವೇ ಸೈಟಿನ ಮೊದಲ ಪರದೆ. 'ನಮ್ಮ ಬಗ್ಗೆ' ಎಲ್ಲೋ ಕೊನೆಯಲ್ಲಿ ಇರಲಿ. ಯಾರೂ ಅದನ್ನು ಕೇಳಲು ಫೋನ್ ಮಾಡಿರುವುದಿಲ್ಲ.

ಡಿಸೈನರ್ ಹತ್ರ ಹೋಗೋ ಮೊದಲು ಏನೇನು ರೆಡಿ ಮಾಡ್ಕೋಬೇಕು?

ಮೇಲೆ ಹೇಳಿದ ಗೀಟಿನ ಹಾಳೆ. ಬಿಸಿಲಿನಲ್ಲಿ ಅಡ್ಡಕ್ಕೆ ಹಿಡಿದು ತೆಗೆದ ಹತ್ತು-ಹದಿನೈದು ಫೋಟೊ, ಮೂಲ ಫೈಲಿನಲ್ಲೇ (ವಾಟ್ಸ್‌ಆ್ಯಪ್‌ನಲ್ಲಿ ಸಾಮಾನ್ಯ ಫೋಟೊ ಆಗಿ ಕಳಿಸಿದರೆ ಕುಗ್ಗುತ್ತದೆ, 'ಡಾಕ್ಯುಮೆಂಟ್' ಎಂದು ಕಳಿಸಿ). ದರಪಟ್ಟಿ. ಸೈಟ್ ತಯಾರಾದ ಮೇಲೆ ಅದರಲ್ಲಿನ ವಿಷಯ ಬದಲಿಸುವವರು ಯಾರು ಎಂಬ ತೀರ್ಮಾನ.

ಡೊಮೈನ್ ಹೆಸರನ್ನು (ಸೈಟಿನ ವಿಳಾಸವನ್ನು) ಮಾತ್ರ ನಿಮ್ಮ ಇಮೇಲ್, ನಿಮ್ಮ ಫೋನ್, ನಿಮ್ಮ ಕಾರ್ಡಿನಿಂದ ನೀವೇ ಕೊಳ್ಳಿ. ಡಿಸೈನರ್ ತನ್ನ ಖಾತೆಯಲ್ಲಿ ಕೊಂಡು, ಎರಡು ವರ್ಷದ ಮೇಲೆ ಊರು ಬಿಟ್ಟರೆ, ಬೋರ್ಡಿನ ಮೇಲೆ, ಬಿಲ್ಲಿನ ಮೇಲೆ ಅಚ್ಚು ಹಾಕಿಸಿದ ಹೆಸರು ನಿಮ್ಮ ಕೈಯಲ್ಲಿರುವುದಿಲ್ಲ.

ನಮ್ಮ ಯಜಮಾನರಿಗೆ ಮುಖಪುಟದಲ್ಲಿ ಓಡೋ ಫೋಟೊ ಸ್ಲೈಡರ್ ಬೇಕೇ ಬೇಕಂತೆ. ಹಾಕೋದಾ?

ಬೇಡ ಎನ್ನಿ. ಒಪ್ಪದಿದ್ದರೆ ತಾನಾಗಿ ಓಡದಂತೆ, ಬೆರಳಿನಿಂದ ಸರಿಸಿದರೆ ಮಾತ್ರ ಸರಿಯುವಂತೆ ಹಾಕಿ. ಓಡುವ ಚಿತ್ರದ ಮೇಲಿನ ಬರಹವನ್ನು ಓದಿ ಮುಗಿಸುವಷ್ಟರಲ್ಲಿ ಅದು ಹೋಗಿರುತ್ತದೆ, ಒತ್ತಲು ಹೋದ ಬೆರಳು ಮುಂದಿನ ಚಿತ್ರದ ಮೇಲೆ ಬೀಳುತ್ತದೆ. ಐದು ಫೋಟೊ ಇಳಿಯುವವರೆಗೆ ಪುಟವೂ ಕಾಯಬೇಕು. ಯಜಮಾನರಿಗೆ ವಾದ ಬೇಡ: ಅವರದೇ ಫೋನಿನಲ್ಲಿ, ವೈಫೈ ತೆಗೆದು, ಎರಡೂ ಬಗೆಯನ್ನು ತೆರೆದು ತೋರಿಸಿ.

ಒಂದ್ಸಲ ಮಾಡಿದ ಟೆಂಪ್ಲೇಟನ್ನೇ ಕ್ಲಿನಿಕ್ಕಿಗೂ ಶಾಲೆಗೂ ಸೊಸೈಟಿಗೂ ಬಣ್ಣ ಬದಲಿಸಿ ಕೊಡಬಹುದಲ್ವಾ?

ಒಳಗಿನ ಚೌಕಟ್ಟು, ಫಾಂಟು, ಫಾರಂ ಎಲ್ಲ ಒಂದೇ ಇರಲಿ, ತಪ್ಪಿಲ್ಲ. ಬದಲಾಗಬೇಕಾದದ್ದು ಮೊದಲ ಪರದೆ. ಅಲ್ಲಿಗೆ ಬರುವವರ ಅವಸರವೇ ಬೇರೆ ಬೇರೆ.

ಕ್ಲಿನಿಕ್ ಸೈಟಿಗೆ ಬಂದವರು ಜ್ವರದ ಮಗುವನ್ನು ಎತ್ತಿಕೊಂಡು ಒಂದು ಕೈಯಲ್ಲಿ ನೋಡುತ್ತಿರುತ್ತಾರೆ. 'ಇಂದು ಡಾಕ್ಟರ್ ಇದ್ದಾರೆ, ಸಂಜೆ 5ರಿಂದ 8' ಎಂಬ ಒಂದು ಸಾಲು, ಒತ್ತಿದರೆ ಕರೆ ಹೋಗುವ ನಂಬರು, ಅಷ್ಟೇ. ಶಾಲೆಯ ಸೈಟಿಗೆ ಜನ ಬರುವುದು ಮಳೆ ರಜೆ ಇದೆಯೇ ಎಂದು ನೋಡಲು, ಫೀಸಿನ ಕೊನೆ ದಿನ, ಬಸ್ಸಿನ ದಾರಿ ತಿಳಿಯಲು. ಸೂಚನೆಯ ಮೇಲೆ ತಾರೀಖು ಇಲ್ಲದಿದ್ದರೆ ಹೋದ ವರ್ಷದ ರಜೆಯನ್ನು ಈ ವರ್ಷದ್ದೆಂದು ಓದುತ್ತಾರೆ. ಸಹಕಾರ ಸಂಘಕ್ಕೆ ಠೇವಣಿ ಮತ್ತು ಸಾಲದ ಬಡ್ಡಿ ದರ, ಯಾವ ಸಾಲಕ್ಕೆ ಯಾವ ದಾಖಲೆ ಎಂಬ ಪಟ್ಟಿ. ಮಲೆನಾಡಿನ ಹೋಮ್‌ಸ್ಟೇಗೆ ಯಾವ ದಿನ ಖಾಲಿ ಇದೆ, ತಲೆಗೆ ಎಷ್ಟು, ಊಟ ಸೇರಿದೆಯೇ, ಕೊನೆಯ ಮೂರು ಕಿಲೋಮೀಟರಿಗೆ ಸಣ್ಣ ಕಾರು ಬರುತ್ತದೆಯೇ, ಯಾವ ಸಿಮ್ಮಿಗೆ ಸಿಗ್ನಲ್ ಸಿಗುತ್ತದೆ. ದಾರಿಯ ವಿವರವನ್ನು ಚಿತ್ರವಾಗಿ ಉಳಿಸಿಕೊಳ್ಳುವಂತೆ ಕೊಡಿ. ಘಾಟಿ ಹತ್ತಿದ ಮೇಲೆ ಸೈಟ್ ತೆರೆಯುವುದೇ ಇಲ್ಲ.

## ಅಕ್ಷರ, ಪದ, ಹೆಸರು

ನುಡಿಯಲ್ಲಿ ಟೈಪ್ ಮಾಡಿದ್ದನ್ನ ಸೈಟಿಗೆ ಹಾಕಿದ್ರೆ ಏನೇನೋ ಇಂಗ್ಲಿಷ್ ಅಕ್ಷರ ಬರುತ್ತೆ. ಫಾಂಟ್ ಅಪ್‌ಲೋಡ್ ಮಾಡಿದ್ರೆ ಸರಿಹೋಗುತ್ತಾ?

ಕಣ್ಣಿಗೆ ಸರಿಹೋಗುತ್ತದೆ, ಉಳಿದದ್ದೆಲ್ಲ ಕೆಟ್ಟೇ ಇರುತ್ತದೆ. ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಆಸ್ಕಿ (ಯೂನಿಕೋಡಿಗಿಂತ ಮುಂಚಿನ) ಫಾಂಟುಗಳಲ್ಲಿ ಫೈಲಿನೊಳಗೆ ಇರುವುದು ಲ್ಯಾಟಿನ್ ಅಕ್ಷರಗಳೇ. ಫಾಂಟು ಅವಕ್ಕೆ ಕನ್ನಡದ ವೇಷ ಹಾಕಿಸುತ್ತದೆ. ಗೂಗಲ್ ಹುಡುಕಾಟಕ್ಕೆ, ಕಣ್ಣು ಕಾಣದವರಿಗೆ ಓದಿಹೇಳುವ ತಂತ್ರಾಂಶಕ್ಕೆ, ಕಾಪಿ-ಪೇಸ್ಟಿಗೆ ಆ ವೇಷ ಕಾಣುವುದಿಲ್ಲ. ಕನ್ನಡದ ಅಕ್ಷರಗಳಿಗೆ ಸ್ವಂತ ಸಂಕೇತವಿರುವ ಯೂನಿಕೋಡಿಗೆ ಪರಿವರ್ತಿಸಿಯೇ ಹಾಕಬೇಕು.

ಪರಿವರ್ತಕಕ್ಕೆ ಕೊಟ್ಟ ಮೇಲೆ ಕಣ್ಣಾಡಿಸಬೇಕಾದ ಕಡೆಗಳಿವೆ. ನಡುವೆ ಇದ್ದ ಇಂಗ್ಲಿಷ್ ಪದ, ಇಮೇಲ್ ವಿಳಾಸಗಳೂ ಕನ್ನಡವಾಗಿ ಅರ್ಥವಿಲ್ಲದ ಅಕ್ಷರಗಳಾಗಿರುತ್ತವೆ, ಅವನ್ನು ಮೊದಲೇ ಬೇರೆ ತೆಗೆದಿಡಿ. ಅರ್ಕಾವತ್ತು ಇರುವ ಪದಗಳನ್ನು (ಕಾರ್ಯ, ವರ್ಷ, ಅರ್ಜಿ) ಒಂದೊಂದಾಗಿ ನೋಡಿ. ಇನ್ನು ಸೊನ್ನೆ: ಅನುಸ್ವಾರದ ಜಾಗದಲ್ಲಿ ಕನ್ನಡದ ಅಂಕಿ ಸೊನ್ನೆ ಕೂತಿರುವುದು ತೀರಾ ಸಾಮಾನ್ಯ. 'ಸ೦ಘ' ಮತ್ತು 'ಸಂಘ' ಕಣ್ಣಿಗೆ ಹೆಚ್ಚುಕಡಿಮೆ ಒಂದೇ, ಕಂಪ್ಯೂಟರಿಗೆ ಎರಡು ಬೇರೆ ಪದ. ಅಕ್ಷರದ ಬೆನ್ನಿಗೇ ಬಂದ ೦ ಎಲ್ಲವನ್ನೂ ಹುಡುಕಿ ಬದಲಿಸಿದರೆ ಅರ್ಧ ತಲೆನೋವು ಹೋಗುತ್ತದೆ.

ಕನ್ನಡಕ್ಕೆ ಯಾವ ಫಾಂಟ್ ಒಳ್ಳೇದು?

ಓದುವ ಪಠ್ಯಕ್ಕೆ ನೋಟೊ ಸಾನ್ಸ್ ಕನ್ನಡ ಅಥವಾ ಅನೇಕ್ ಕನ್ನಡ. ಪುಸ್ತಕದ ಛಾಯೆ ಬೇಕಾದರೆ ಟೀರೊ ಕನ್ನಡ ಅಥವಾ ನೋಟೊ ಸೆರಿಫ್ ಕನ್ನಡ. ದಪ್ಪ ತಲೆಬರಹಕ್ಕೆ ಬಾಲೂ ತಮ್ಮ. ಎಲ್ಲವೂ ಮುಕ್ತ ಪರವಾನಗಿಯವು, ಗಿರಾಕಿಗೆ ಬಿಲ್ ಬರುವುದಿಲ್ಲ.

ಏನೂ ಹಾಕದೆ ಫೋನಿನ ಸ್ವಂತ ಫಾಂಟನ್ನೇ ನೆಚ್ಚಿಕೊಂಡರೂ ನಡೆಯುತ್ತದೆ. ಆಂಡ್ರಾಯ್ಡ್‌ನಲ್ಲಿ ಸಾಮಾನ್ಯವಾಗಿ ನೋಟೊ, ವಿಂಡೋಸ್ 8ರಿಂದ ಈಚೆಗೆ ನಿರ್ಮಲಾ ಯುಐ, ಅದಕ್ಕಿಂತ ಹಳೆಯದರಲ್ಲಿ ತುಂಗಾ. ಬಡಪಾಯಿ ನೆಟ್‌ವರ್ಕಿನಲ್ಲಿ ಇದೇ ಜಾಣತನ. ತುಂಗಾದ ಅಕ್ಷರ ಮಾತ್ರ ಅದೇ ಅಳತೆಯಲ್ಲಿ ಚಿಕ್ಕದಾಗಿ ಕಾಣುತ್ತದೆ.

ಎರಡು ಮಾತು ನೆನಪಿಡಿ. ಬಹುತೇಕ ಕನ್ನಡ ಫಾಂಟುಗಳಲ್ಲಿ ಇಟಾಲಿಕ್ (ವಾಲಿದ ಅಕ್ಷರ) ಇರುವುದಿಲ್ಲ. ಹಾಕಿದರೆ ಬ್ರೌಸರ್ ಅಕ್ಷರವನ್ನು ದಬ್ಬಿ ವಾಲಿಸುತ್ತದೆ, ಗಾಳಿಗೆ ಬಾಗಿದ ಬೇಲಿಯಂತೆ. ಒತ್ತು ಕೊಡಲು ದಪ್ಪ ಅಕ್ಷರ ಬಳಸಿ, ಆದರೆ ದಪ್ಪದ ಫೈಲನ್ನೂ ಸೇರಿಸಿ. ಇಲ್ಲದಿದ್ದರೆ ಬ್ರೌಸರ್ ತಾನೇ ಮಸಿ ಮೆತ್ತುತ್ತದೆ, 'ಷ್ಟ್ರ'ದಂಥ ಕಡೆ ಒತ್ತುಗಳು ಕಲಸಿಹೋಗುತ್ತವೆ.

ಇಂಗ್ಲಿಷ್‌ನಲ್ಲಿ ಚೆನ್ನಾಗೇ ಇದೆ. ಕನ್ನಡಕ್ಕೆ ಬದಲಿಸಿದ ಕೂಡಲೇ ಬಟನ್ನಿನಲ್ಲಿ ಒತ್ತಕ್ಷರ ಕತ್ತರಿಸಿ ಹೋಗುತ್ತೆ, ಯಾಕೆ?

ಇಂಗ್ಲಿಷ್ ಅಕ್ಷರ ಒಂದು ಸಾಲಿನ ಮೇಲೆ ಕೂರುತ್ತದೆ. ಕನ್ನಡದ ಅಕ್ಷರ ಮೇಲೆ ಗುಡಿಸು ಎತ್ತಿ, ಕೆಳಗೆ ಒತ್ತು ಇಳಿಬಿಟ್ಟು ಎರಡೂವರೆ ಅಂತಸ್ತಿನ ಮನೆಯಂತೆ ನಿಲ್ಲುತ್ತದೆ. 'ರಾಷ್ಟ್ರೀಯ' ಎಂದು ಬರೆದು ನೋಡಿ: ಷ ಅಡಿಯಲ್ಲಿ ಟ, ಅದರ ಬದಿಯಲ್ಲಿ ರ, ಮೇಲೆ ಗುಡಿಸು, ಪಕ್ಕದಲ್ಲಿ ದೀರ್ಘ. ಇಂಗ್ಲಿಷಿಗೆ ಅಳೆದ 36 ಪಿಕ್ಸೆಲ್ ಎತ್ತರದ ಬಟನ್, ಹೊರಚಾಚಿದ್ದನ್ನು ಮುಚ್ಚು ಎಂಬ ನಿಯಮ ಎರಡೂ ಸೇರಿದಾಗ ಕೆಳಗಿನ ಟ ಹೋಗುತ್ತದೆ.

ಪರಿಹಾರ ಹೀಗೆ. ಎಲ್ಲಿಯೂ ಎತ್ತರವನ್ನು ಗಟ್ಟಿಯಾಗಿ ನಿಗದಿಪಡಿಸಬೇಡಿ, ಕನಿಷ್ಠ ಎತ್ತರ ಮತ್ತು ಒಳಜಾಗ ಕೊಡಿ. ಓದುವ ಪಠ್ಯದ ಸಾಲಿನ ಅಂತರ ಅಕ್ಷರದ ಅಳತೆಯ 1.6ರಿಂದ 1.8 ಪಟ್ಟು, ತಲೆಬರಹಕ್ಕೆ 1.4ಕ್ಕಿಂತ ಕಡಿಮೆ ಬೇಡ. ಕೊಂಡಿಯ ಅಡಿಗೆರೆಯನ್ನು ಸ್ವಲ್ಪ ಕೆಳಗಿಳಿಸಿ, ಇಲ್ಲದಿದ್ದರೆ ಗೆರೆ ಒತ್ತಿನ ನಡುವೆಯೇ ಹಾಯುತ್ತದೆ. ಕನ್ನಡದ ಪದ ಉದ್ದವೂ ಹೌದು. ಮೆನುವಿನಲ್ಲಿ 'ಸಂಪರ್ಕಿಸಿ' ಹಿಡಿಸುವಷ್ಟು ಜಾಗ ಮೊದಲೇ ಬಿಡಿ, ಅಥವಾ 'ಫೋನ್ ಮಾಡಿ' ಎಂದು ಎರಡು ಪದದಲ್ಲಿ ಬರೆಯಿರಿ. ಸಾಲು ಮುರಿಯಲು ಜಾಗ ಸಿಗುತ್ತದೆ.

ಪರೀಕ್ಷೆಗೆ ಇಂಗ್ಲಿಷಿನ ಹುಸಿ ಪಠ್ಯ ಸುರಿಯಬೇಡಿ. 'ಜ್ಯೋತ್ಸ್ನಾ, ಸ್ವಾತಂತ್ರ್ಯ, ರಾಷ್ಟ್ರೀಕೃತ, ಉಚ್ಛ್ರಾಯ' ಎಂಬ ನಾಲ್ಕು ಪದ ಪ್ರತಿ ಬಟನ್, ಪ್ರತಿ ಪೆಟ್ಟಿಗೆಯಲ್ಲೂ ಸರಿಯಾಗಿ ಕಂಡರೆ ಉಳಿದದ್ದು ಕಾಣುತ್ತದೆ.

ಇಂಗ್ಲಿಷ್ ಸೈಟನ್ನ ಮೆಷಿನ್ನಿನಲ್ಲಿ ಅನುವಾದ ಮಾಡಿಸಿ ಹಾಕಿದ್ರೆ ಸಾಲ್ದಾ?

ಉದ್ದದ ಪ್ಯಾರಾಗಳನ್ನು ಯಂತ್ರಕ್ಕೆ ಕೊಟ್ಟು ತಿದ್ದಿಕೊಳ್ಳಬಹುದು. ಬಟನ್ನು, ಮೆನು, ಎಚ್ಚರಿಕೆಯ ಸಾಲುಗಳನ್ನು ಕೊಡಬೇಡಿ. ಒಂಟಿ ಪದಕ್ಕೆ ಹಿಂದುಮುಂದಿಲ್ಲ, 'ಹೋಮ್' ಹೋಗಿ 'ಮನೆ' ಆಗುತ್ತದೆ, ರೂಮು ಬುಕ್ ಮಾಡುವ 'ಬುಕ್' ಪುಸ್ತಕವಾಗುತ್ತದೆ. ಬಟನ್ ಏನು ಮಾಡುತ್ತದೋ ಅದನ್ನೇ ಬರೆಯಿರಿ: 'ಸಲ್ಲಿಸು' ಬದಲು 'ಅರ್ಜಿ ಕಳಿಸಿ', 'ಮುಂದುವರಿಯಿರಿ' ಬದಲು 'ಹಣ ಕಟ್ಟಿ'. ಹಾಗೆಂದು 'ಅಂತರ್ಜಾಲ ತಾಣ', 'ಗುಪ್ತಪದ' ಎಂದು ಬಿಗಿಯಬೇಕಿಲ್ಲ. ಪಾಸ್‌ವರ್ಡ್ ಎಂದರೆ ಎಲ್ಲರಿಗೂ ಗೊತ್ತು.

ಕೋಡ್ ಬರೆಯುವವರು ಎಡವುವ ಜಾಗ ವಿಭಕ್ತಿ. ಊರಿನ ಹೆಸರು ಬರುವ ಜಾಗ ಖಾಲಿ ಬಿಟ್ಟು ಅದರ ಬೆನ್ನಿಗೆ 'ಗೆ' ಅಂಟಿಸಿದರೆ 'ಮೈಸೂರುಗೆ', 'ಶಿವಮೊಗ್ಗಗೆ' ಎಂದು ಬರುತ್ತದೆ. ಕನ್ನಡದಲ್ಲಿ ಅದು ಮೈಸೂರಿಗೆ, ಶಿವಮೊಗ್ಗಕ್ಕೆ. ಪ್ರತಿ ಊರಿಗೂ ರೂಪ ಕಟ್ಟುವ ಬದಲು ವಾಕ್ಯವನ್ನೇ ಒಡೆಯಿರಿ: 'ತಲುಪುವ ಊರು: ಶಿವಮೊಗ್ಗ'. ಕ್ರಿಯಾಪದಕ್ಕೆ ಬಂದಿದ್ದಾನೆ-ಬಂದಿದ್ದಾಳೆ ಗೊಂದಲ ಬೇಡ, 'ಬಂದಿದ್ದಾರೆ' ಎಂದರೆ ಗೌರವವೂ ಉಳಿಯಿತು, ಲಿಂಗದ ಪ್ರಶ್ನೆಯೂ ಕಳೆಯಿತು.

ಹುಡುಕೋ ಪೆಟ್ಟಿಗೆಯಲ್ಲಿ 'ಸಾಫ್ಟ್‌ವೇರ್' ಅಂತ ಹೊಡೆದ್ರೆ ಸಿಗಲ್ಲ, ಪುಟದಲ್ಲಿ ಕಣ್ಣೆದುರೇ ಇದೆ. ಏನಾಗಿದೆ?

ಪುಟದಲ್ಲಿರುವ ಪದದ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತವಿದೆ. ಅರ್ಧಾಕ್ಷರಕ್ಕೆ ಮುಂದಿನ ಅಕ್ಷರ ಒತ್ತಾಗಿ ಅಂಟದಂತೆ ತಡೆಯುವುದು ಅದರ ಕೆಲಸ. ಇಲ್ಲದಿದ್ದರೆ 'ಸಾಫ್ಟ್ವೇರ್' ಎಂದು ಬೀಳುತ್ತದೆ. ಹುಡುಕುವವರು ಅದನ್ನು ಹೊಡೆದಿರುವುದಿಲ್ಲ. 'ರ‍್ಯಾಂಕ್' ಪದದಲ್ಲಿ ಇದರ ಸೋದರ ಸಂಕೇತ ಇದೆ, ಅಲ್ಲೂ ಇದೇ ಕಥೆ. ಹುಡುಕಾಟಕ್ಕೆ ಮುನ್ನ ಎರಡೂ ಕಡೆಯಿಂದ (ಹೊಡೆದ ಪದ, ಸೂಚಿಯಲ್ಲಿರುವ ಪದ) ಯೂನಿಕೋಡ್ 200ಸಿ ಮತ್ತು 200ಡಿ ಸಂಕೇತಗಳನ್ನು ಕಿತ್ತುಹಾಕಿ. ತೋರಿಸುವ ಪಠ್ಯದಿಂದ ಮಾತ್ರ ತೆಗೆಯಬೇಡಿ.

ಜತೆಗೆ ಎನ್‌ಎಫ್‌ಸಿ ರೂಪಕ್ಕೆ ತನ್ನಿ, ಅದು ಒಂದೇ ಅಕ್ಷರದ ಬೇರೆ ಬೇರೆ ಬರಹವನ್ನು ಒಂದೇ ಬಗೆಗೆ ತರುವ ಯೂನಿಕೋಡ್ ಪದ್ಧತಿ. 'ಕೋ' ಎಂಬುದನ್ನು ಒಂದೇ ಸ್ವರಚಿಹ್ನೆಯಾಗಿಯೂ, ೆ, ೂ, ೕ ಎಂಬ ಮೂರು ತುಂಡಾಗಿಯೂ ಬರೆಯಲು ಬರುತ್ತದೆ. ಕಣ್ಣಿಗೆ ಒಂದೇ, ಹೋಲಿಸಿದರೆ ಬೇರೆ. ಊರ ಹೆಸರುಗಳಿಗೆ ಹಳೆಯ ರೂಪವನ್ನೂ ಸೇರಿಸಿ. 2014ರ ನವೆಂಬರ್ 1ರಂದು ಹನ್ನೆರಡು ನಗರಗಳ ಇಂಗ್ಲಿಷ್ ಹೆಸರು ಬದಲಾದರೂ ಗುಲ್ಬರ್ಗಾ, ಬೆಳಗಾಂ, ಬಿಜಾಪುರ ಎಂದು ಹೊಡೆಯುವವರು ಇನ್ನೂ ಇದ್ದಾರೆ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಹೊಡೆಯುವವರಂತೂ ಬೇಕಾದಷ್ಟು.

ವೆಬ್ ವಿಳಾಸವನ್ನೇ ಕನ್ನಡದಲ್ಲಿ ಇಟ್ಕೋಬಹುದಾ?

ಕೊನೆಯಲ್ಲಿ '.ಭಾರತ' ಬರುವ ಕನ್ನಡ ಡೊಮೈನ್ ಸಿಗುತ್ತದೆ. ಎರಡನೆಯ ಬಾಗಿಲಾಗಿ ಇಟ್ಟುಕೊಳ್ಳಿ, ಮೊದಲನೆಯದು ಇಂಗ್ಲಿಷ್ ಅಕ್ಷರದ್ದೇ ಇರಲಿ. ಕನ್ನಡ ವಿಳಾಸದ ಇಮೇಲನ್ನು ಅನೇಕ ಫಾರಂಗಳು ಒಪ್ಪುವುದಿಲ್ಲ.

ಒಳಪುಟಗಳ ವಿಳಾಸಕ್ಕಂತೂ ಇಂಗ್ಲಿಷ್ ಅಕ್ಷರವೇ ವಾಸಿ. ಹಂಚುವಾಗ ಕನ್ನಡದ ಒಂದೊಂದು ಸಂಕೇತವೂ ಶೇಕಡಾ ಚಿಹ್ನೆ ಸೇರಿದ ಒಂಬತ್ತು ಅಕ್ಷರವಾಗಿ ಬಿಚ್ಚಿಕೊಳ್ಳುತ್ತದೆ. 'ಕರ್ನಾಟಕ' ಎಂಬ ಏಳು ಸಂಕೇತದ (ಕ, ರ, ್, ನ, ಾ, ಟ, ಕ) ಪದ 63 ಅಕ್ಷರದ ಸರಪಳಿಯಾಗುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಅಂಥ ಕೊಂಡಿಯನ್ನು ಕಂಡವರು ವೈರಸ್ ಎಂದೇ ತಿಳಿದು ಅಳಿಸುತ್ತಾರೆ.

## ಫಾರಂ, ಹಣ, ರಸೀದಿ

ಅರ್ಜಿ ಫಾರಂ ಅರ್ಧಕ್ಕೇ ಬಿಟ್ಟು ಹೋಗ್ತಾರೆ. ಎಲ್ಲಿ ತಪ್ಪಿದೆ ಅಂತ ಹೇಗೆ ಗೊತ್ತಾಗುತ್ತೆ?

ಮೊದಲು ಹೆಸರಿನ ಪೆಟ್ಟಿಗೆ ನೋಡಿ. 'ಮೊದಲ ಹೆಸರು', 'ಕುಲನಾಮ' ಎಂದು ಎರಡು ಕಡ್ಡಾಯ ಪೆಟ್ಟಿಗೆ ಇದ್ದರೆ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ. ಹಳೇ ಮೈಸೂರಿನ ಕಡೆ ಹೆಸರಿನ ಹಿಂದೆ ಒಂದೋ ಎರಡೋ ಇನಿಷಿಯಲ್, ಉತ್ತರ ಕರ್ನಾಟಕದಲ್ಲಿ ಮನೆತನದ ಅಡ್ಡಹೆಸರು, ಕೆಲವರಿಗೆ ಒಂದೇ ಪದದ ಹೆಸರು. 'ಪೂರ್ಣ ಹೆಸರು, ಆಧಾರ್‌ನಲ್ಲಿ ಇರುವಂತೆ' ಎಂದು ಒಂದೇ ಪೆಟ್ಟಿಗೆ ಸಾಕು, ಚುಕ್ಕಿಯನ್ನೂ ಒಪ್ಪಬೇಕು.

ಫೋನ್ ನಂಬರಿಗೆ ಅಂಕಿಯ ಕೀಲಿಮಣೆ ತೆರೆಯಲಿ. ಮುಂದೆ +91, ಸೊನ್ನೆ, ನಡುವೆ ಖಾಲಿ ಜಾಗ ಏನೇ ಹೊಡೆದರೂ ತಳ್ಳಿಹಾಕಬೇಡಿ, ನೀವೇ ಸೋಸಿ ಹತ್ತು ಅಂಕಿ ಉಳಿಸಿಕೊಳ್ಳಿ. ಕನ್ನಡದ ಅಂಕಿ ಹೊಡೆದರೂ ಒಪ್ಪಿಕೊಳ್ಳಿ. ಪೆಟ್ಟಿಗೆಯ ಅಕ್ಷರ 16 ಪಿಕ್ಸೆಲ್‌ಗಿಂತ ಚಿಕ್ಕದಿದ್ದರೆ ಐಫೋನ್ ಪುಟವನ್ನೇ ಹಿಗ್ಗಿಸುತ್ತದೆ, ಕಳಿಸುವ ಬಟನ್ ಪರದೆಯಿಂದಾಚೆ ಹೋಗುತ್ತದೆ. ಪೆಟ್ಟಿಗೆಯ ಹೆಸರನ್ನು ಒಳಗೆ ಬೂದು ಬಣ್ಣದಲ್ಲಿ ಬರೆಯುವುದು ಬೇಡ. ಹೊಡೆಯಲು ಶುರುಮಾಡಿದೊಡನೆ ಅದು ಮಾಯ, ಏನು ಕೇಳಿದ್ದೆಂದು ಮರೆತುಹೋಗುತ್ತದೆ.

ತಪ್ಪಿನ ಸಂದೇಶ ತಪ್ಪಿದ ಪೆಟ್ಟಿಗೆಯ ಕೆಳಗೇ ಬರಲಿ, ಏನು ಮಾಡಬೇಕೆಂದು ಹೇಳಲಿ. 'ಅಮಾನ್ಯ ನಮೂದು' ಎಂದರೆ ಬೈದ ಹಾಗೆ. 'ಪಿನ್‌ಕೋಡ್ 6 ಅಂಕಿ ಇರಬೇಕು, ನೀವು 5 ಬರೆದಿದ್ದೀರಿ' ಎನ್ನಿ. ಒಂದು ತಪ್ಪಿಗಾಗಿ ತುಂಬಿದ್ದನ್ನೆಲ್ಲ ಅಳಿಸುವ ಫಾರಂಗೆ ಕ್ಷಮೆಯಿಲ್ಲ.

ದುಡ್ಡು ಕಟ್ ಆಗಿದೆ, ಬುಕಿಂಗ್ ಆಗಿಲ್ಲ ಅಂತ ಗಲಾಟೆ. ಯಾಕೆ ಹೀಗಾಗುತ್ತೆ?

ಯುಪಿಐ ಆ್ಯಪಿಗೆ ಹೋದವರು ಹಣ ಕಟ್ಟಿ ಬ್ರೌಸರಿಗೆ ವಾಪಸ್ ಬರಲೇ ಇಲ್ಲ. ಕರೆ ಬಂತು, ಬ್ಯಾಟರಿ ಹೋಯಿತು, ಫೋನೇ ಹಿಂದಿನ ಪುಟವನ್ನು ಮುಚ್ಚಿತು. ವಾಪಸ್ ಬಂದಾಗಲೇ ಬುಕಿಂಗ್ ದಾಖಲಿಸುವ ಸೈಟುಗಳಲ್ಲಿ ಇದು ಆಗಿಯೇ ಆಗುತ್ತದೆ. ಪೇಮೆಂಟ್ ಗೇಟ್‌ವೇ ನಿಮ್ಮ ಸರ್ವರಿಗೆ ನೇರವಾಗಿ ಕಳಿಸುವ ಸೂಚನೆಯನ್ನು, ಅಂದರೆ ವೆಬ್‌ಹುಕ್ ಅನ್ನು, ನಂಬಿ ದಾಖಲಿಸಿ. ಅದೇ ಸೂಚನೆ ಎರಡು ಸಲ ಬರಬಹುದು, ಆರ್ಡರ್ ಸಂಖ್ಯೆ ನೋಡಿ ಎರಡನೆಯದನ್ನು ಬಿಡಿ.

ರೂಮನ್ನು 15 ನಿಮಿಷ ಹಿಡಿದಿಡಿ. ಪರದೆಯ ಮೇಲೆ 'ಹಣ ಬಂದಿದೆಯೇ ನೋಡುತ್ತಿದ್ದೇವೆ, ದಯವಿಟ್ಟು ಮತ್ತೆ ಕಟ್ಟಬೇಡಿ' ಎಂದು ತೋರಿಸಿ. ಮೊಬೈಲಿನಲ್ಲಿ ಕ್ಯೂಆರ್ ತೋರಿಸಿ ಸುಮ್ಮನಾಗುವುದೂ ಒಂದು ತಮಾಷೆ: ತನ್ನ ಪರದೆಯನ್ನು ತಾನೇ ಸ್ಕ್ಯಾನ್ ಮಾಡುವುದು ಹೇಗೆ? ಅಲ್ಲಿ ಆ್ಯಪ್ ತೆರೆಯುವ ಬಟನ್ ಕೊಡಿ, ಕ್ಯೂಆರ್ ಕಂಪ್ಯೂಟರಿಗಿರಲಿ.

ಸೈಟಿನಲ್ಲಿ ಕನ್ನಡ ಸರಿ ಇದೆ. ರಸೀದಿ ಪಿಡಿಎಫ್, ಎಕ್ಸೆಲ್, ಎಸ್‌ಎಂಎಸ್ ಎಲ್ಲದರಲ್ಲೂ ಕೆಡುತ್ತೆ!

ಮೂರಕ್ಕೂ ಕಾರಣ ಬೇರೆ.

ಪಿಡಿಎಫ್ ತಯಾರಿಸುವ ಹಲವು ಲೈಬ್ರರಿಗಳಿಗೆ ಒತ್ತಕ್ಷರ ಜೋಡಿಸಲು ಬರುವುದಿಲ್ಲ, 'ಕರ್ನಾಟಕ' ಎಂಬುದು 'ಕರ್‌ನಾಟಕ' ಆಗುತ್ತದೆ. ರಸೀದಿಯನ್ನು ಮಾಮೂಲಿ ವೆಬ್ ಪುಟವಾಗಿ ಬರೆದು, ಸರ್ವರಿನಲ್ಲಿ ಪರದೆಯಿಲ್ಲದೆ ಓಡುವ ಕ್ರೋಮ್‌ನಿಂದ ಪಿಡಿಎಫ್ ತೆಗೆಸಿ. ಸರ್ವರಿನಲ್ಲಿ ಕನ್ನಡ ಫಾಂಟ್ ಇರಬೇಕು, ಇಲ್ಲದಿದ್ದರೆ ಬರೀ ಚೌಕ.

ಎಕ್ಸೆಲ್‌ಗೆ ಕೊಡುವ ಸಿಎಸ್‌ವಿ ಫೈಲಿನ ತಲೆಯಲ್ಲಿ ಯುಟಿಎಫ್-8ರ ಬಿಒಎಂ ಗುರುತು (ಅಕ್ಷರ ಯಾವ ಬಗೆಯದೆಂದು ಎಕ್ಸೆಲ್‌ಗೆ ಹೇಳುವ ಕಾಣದ ಸಂಕೇತ) ಇಟ್ಟರೆ ಸರಿಯಾಗಿ ತೆರೆಯುತ್ತದೆ. ತೆರೆದಾಗ ಪ್ರಶ್ನಾರ್ಥಕ ಚಿಹ್ನೆಗಳೇ ಸಾಲುಗಟ್ಟಿದ್ದರೆ ಅಕ್ಷರ ಡೇಟಾಬೇಸಿನಲ್ಲೇ ಹೋಗಿರಬಹುದು, ಹಾಗಿದ್ದರೆ ಮರಳಿ ಬರುವುದಿಲ್ಲ. ಶುರುವಿನಲ್ಲೇ ಡೇಟಾಬೇಸಿನ ಅಕ್ಷರ ಪದ್ಧತಿಯನ್ನು ಯುಟಿಎಫ್8ಎಂಬಿ4 ಎಂದು ಇಡಿ.

ಎಸ್‌ಎಂಎಸ್ ಇಂಗ್ಲಿಷಿನಲ್ಲಿ 160 ಅಕ್ಷರ, ಕನ್ನಡದಲ್ಲಿ 70 ಸಂಕೇತ. ಮೀರಿದರೆ 67ರಂತೆ ತುಂಡಾಗಿ ಪ್ರತಿ ತುಂಡಿಗೂ ದುಡ್ಡು. 'ಕ್ಷ' ಒಂದೇ ಅಕ್ಷರವಾದರೂ ಎಣಿಕೆಯಲ್ಲಿ ಮೂರು. 'ಮಾನ್ಯ ಗ್ರಾಹಕರೇ' ಎಂಬ ಉಪಚಾರ ಬಿಟ್ಟು ತಾರೀಖು, ಮೊತ್ತದಿಂದ ಶುರುಮಾಡಿ.

## ಲೆಕ್ಕ ಮಾಡಿಕೊಡುವ ಸಾಧನಗಳು

ಎಕರೆ-ಗುಂಟೆ ಲೆಕ್ಕದ ಕ್ಯಾಲ್ಕುಲೇಟರ್ ಹಾಕಿದ್ದೀವಿ, ತಪ್ಪು ಉತ್ತರ ಬರ್ತಿದೆ ಅಂತಾರೆ. ಸೂತ್ರ ಸರಿಯಾಗೇ ಇದೆಯಲ್ಲ?

ಸೂತ್ರ ಸರಿ, ಪೆಟ್ಟಿಗೆ ತಪ್ಪು. ಪಹಣಿ ನೋಡಿ ರೂಢಿಯಿರುವ ರೈತರು 2.20 ಎಂದು ಬರೆದರೆ ಅದು 2 ಎಕರೆ 20 ಗುಂಟೆ. ಎಕರೆಗೆ 40 ಗುಂಟೆಯಾದ್ದರಿಂದ ಅದು ಎರಡೂವರೆ ಎಕರೆ, 100 ಗುಂಟೆ. ಪ್ರೋಗ್ರಾಮು ಅದನ್ನು ದಶಮಾಂಶವಾಗಿ ಓದಿ 2.2 ಎಕರೆ, ಅಂದರೆ 88 ಗುಂಟೆ ಎನ್ನುತ್ತದೆ. ವ್ಯತ್ಯಾಸ 12 ಗುಂಟೆ. ಗುಂಟೆಗೆ 1,089 ಚದರಡಿಯಂತೆ 13,068 ಚದರಡಿ. 30×40ರ ಹತ್ತು ಸೈಟಿಗಿಂತ ಹೆಚ್ಚು ಜಾಗ ಒಂದು ಚುಕ್ಕಿಯಲ್ಲಿ ಹೋಯಿತು. 2.5 ಎಂದು ಬರೆದರಂತೂ ಎರಡೂವರೆಯೋ, ಎರಡು ಎಕರೆ ಐದು ಗುಂಟೆಯೋ ದೇವರೇ ಹೇಳಬೇಕು.

ಒಂದು ಪೆಟ್ಟಿಗೆ ತೆಗೆದು ಮೂರು ಇಡಿ: ಎಕರೆ, ಗುಂಟೆ, ಆಣೆ. ಗುಂಟೆಯಲ್ಲಿ 39 ಮೀರಿದರೆ, ಆಣೆಯಲ್ಲಿ 15 ಮೀರಿದರೆ ಬೈಯಬೇಡಿ, 'ಇದನ್ನು 1 ಎಕರೆ 5 ಗುಂಟೆ ಎಂದು ಓದಿಕೊಂಡಿದ್ದೇವೆ' ಎಂದು ಕೆಳಗೆ ತೋರಿಸಿ. ಫಲಿತಾಂಶದ ಮೇಲೆ ಯಾವಾಗಲೂ ನೀವು ಓದಿಕೊಂಡದ್ದನ್ನು ಮಾತಿನಲ್ಲಿ ಹೇಳಿ. ಬರೆದವರು ತಮ್ಮ ತಪ್ಪನ್ನು ಅಲ್ಲೇ ಹಿಡಿಯುತ್ತಾರೆ.

ಒಳಗೆ ಲೆಕ್ಕವನ್ನು ಆಣೆಯಲ್ಲಿ, ಪೂರ್ಣಾಂಕವಾಗಿ ಇಟ್ಟುಕೊಳ್ಳಿ. ಗುಂಟೆಗೆ 16 ಆಣೆ, ಎಕರೆಗೆ 640. ಎರಡೂವರೆ ಎಕರೆ 1,600 ಆಣೆ. ಮೂವರು ಅಣ್ಣತಮ್ಮಂದಿರಿಗೆ ಹಂಚಿದರೆ ತಲೆಗೆ 533, ಅಂದರೆ 33 ಗುಂಟೆ 5 ಆಣೆ, ಉಳಿದದ್ದು 1 ಆಣೆ. ಆ ಒಂದು ಆಣೆಯನ್ನು ಮುಚ್ಚಿಡದೆ 'ಉಳಿಕೆ 1 ಆಣೆ' ಎಂದು ತೋರಿಸಿ. ಪಾಲಿನ ಜಗಳದಲ್ಲಿ ಕಾಣೆಯಾದ ಆಣೆಗೆ ಎಕರೆಯಷ್ಟು ಬೆಲೆ.

ಕರಾವಳಿಯವರಿಗೆ ಸೆಂಟ್ಸ್ ಬೇಕು: ಎಕರೆಗೆ 100 ಸೆಂಟ್ಸ್, ಒಂದು ಗುಂಟೆಗೆ ಎರಡೂವರೆ. ಉತ್ತರವನ್ನು ಎರಡೂ ಅಳತೆಯಲ್ಲಿ ಒಟ್ಟಿಗೇ ಕೊಟ್ಟರೆ ಆಯ್ಕೆಯ ಪಟ್ಟಿಯೇ ಬೇಕಿಲ್ಲ.

ಸಾಲದ ಕಂತಿನ ಕ್ಯಾಲ್ಕುಲೇಟರಿಗೆ ಎಳೆಯೋ ಸ್ಲೈಡರ್ ಚೆಂದ ಅಲ್ವಾ?

ನೋಡಲು ಚೆಂದ. 300 ಪಿಕ್ಸೆಲ್ ಅಗಲದ ಸ್ಲೈಡರಿನಲ್ಲಿ ಹತ್ತು ಲಕ್ಷದವರೆಗೆ ಹೋಗಬೇಕಾದರೆ ಒಂದು ಪಿಕ್ಸೆಲಿಗೆ ಮೂರು ಸಾವಿರ ರೂಪಾಯಿಗೂ ಮೇಲೆ. 75,000ಕ್ಕೆ ನಿಲ್ಲಿಸಲು ಹೆಬ್ಬೆರಳಿಗೆ ಆಗುವುದಿಲ್ಲ. ಬರೆಯುವ ಪೆಟ್ಟಿಗೆ ಮೊದಲು, ಬೇಕಿದ್ದರೆ ಸ್ಲೈಡರ್ ಜತೆಗೆ. ಹೊಡೆಯುತ್ತಿದ್ದಂತೆ 1,00,000 ಎಂದು ನಮ್ಮ ಲಕ್ಷದ ಅಲ್ಪವಿರಾಮ ಬೀಳಲಿ, ಕೆಳಗೆ 'ಒಂದು ಲಕ್ಷ ರೂಪಾಯಿ' ಎಂದು ಪದದಲ್ಲಿ ಬರಲಿ. ಸೊನ್ನೆ ಹೆಚ್ಚಾದದ್ದು ಆಗ ಕಣ್ಣಿಗೆ ಬೀಳುತ್ತದೆ.

ಬಡ್ಡಿಯನ್ನು ಜನ ಎರಡು ಬಗೆಯಲ್ಲಿ ಹೇಳುತ್ತಾರೆ. ಬ್ಯಾಂಕಿನವರದು ವರ್ಷಕ್ಕೆ ಶೇಕಡಾ. ಊರಿನ ಮಾತು 'ನೂರಕ್ಕೆ ಎರಡು ರೂಪಾಯಿ', ಅದು ತಿಂಗಳಿಗೆ, ಅಂದರೆ ವರ್ಷಕ್ಕೆ ಶೇ. 24. ಎರಡಕ್ಕೂ ಆಯ್ಕೆ ಕೊಡಿ. ಲೆಕ್ಕದ ಬಗೆಯನ್ನೂ ಹೇಳಿ: ಒಂದು ಲಕ್ಷಕ್ಕೆ ಶೇ. 12ರಂತೆ 12 ತಿಂಗಳಿಗೆ, ಅಸಲು ಇಳಿದಂತೆ ಬಡ್ಡಿ ಇಳಿಯುವ ಬಗೆಯಲ್ಲಿ ಕಂತು ಸುಮಾರು 8,885 ರೂ., ಪೂರ್ತಿ ಅಸಲಿನ ಮೇಲೆ ಬಡ್ಡಿ ಹಾಕುವ ಫ್ಲಾಟ್ ಬಗೆಯಲ್ಲಿ 9,333 ರೂ. ಯಾವುದೆಂದು ಬರೆಯದ ಕ್ಯಾಲ್ಕುಲೇಟರ್ ಸಂಘದ ಕೌಂಟರಿನಲ್ಲಿ ಜಗಳ ತರುತ್ತದೆ.

## ಇನ್ನೂ ಒಳಕ್ಕೆ

ನಮ್ಮ ಆಫೀಸಲ್ಲಿ ಸೈಟ್ ಥಟ್ಟಂತ ತೆರೆಯುತ್ತೆ, ಹಳ್ಳಿಯಲ್ಲಿ ತೆರೆಯೋದೇ ಇಲ್ಲ. ಯಾವುದನ್ನ ಮೊದಲು ಕಡಿಮೆ ಮಾಡ್ಲಿ?

ಫೋಟೊ. ಫೋನಿನಿಂದ ನೇರ ಹಾಕಿದ 4-5 ಎಂಬಿ ಫೋಟೊವನ್ನು 1,600 ಪಿಕ್ಸೆಲ್ ಅಗಲಕ್ಕೆ ಇಳಿಸಿ, ಹಗುರವಾದ ಚಿತ್ರ ಫೈಲಿನ ಬಗೆಯಾದ ವೆಬ್‌ಪಿ ಮಾಡಿದರೆ ಸಾಮಾನ್ಯವಾಗಿ ಕೆಲವು ನೂರು ಕೆಬಿಗೆ ಬರುತ್ತದೆ. ಆಮೇಲೆ ಫಾಂಟ್. ಕನ್ನಡದ ಫೈಲನ್ನು ಕುಗ್ಗಿಸುವಾಗ ಯೂನಿಕೋಡ್ 0ಸಿ80ರಿಂದ 0ಸಿಎಫ್‌ಎಫ್‌ವರೆಗಿನದನ್ನಷ್ಟೇ ಉಳಿಸಿದರೆ ಕಾಣದ ಜೋಡಣೆ ಸಂಕೇತಗಳೂ ರೂಪಾಯಿ ಚಿಹ್ನೆಯೂ ಬಿಟ್ಟುಹೋಗುತ್ತವೆ. 200ಸಿ, 200ಡಿ, 20ಬಿ9 ಸೇರಿಸಿ. ಫಾಂಟಿನ ಜೋಡಣೆಯ ನಿಯಮಗಳನ್ನು ಕಿತ್ತರೆ ಒತ್ತಕ್ಷರವೇ ಇರುವುದಿಲ್ಲ. ಫಾಂಟ್ ಇಳಿಯುವವರೆಗೆ ಫೋನಿನ ಸ್ವಂತ ಅಕ್ಷರದಲ್ಲಿ ಪಠ್ಯ ಕಾಣುವಂತೆ ಇಡಿ.

ಗೂಗಲ್ ಇಟ್ಟುಕೊಂಡ ಗಡಿ: ಮುಖ್ಯ ಅಂಶ ಕಾಣಲು 2.5 ಸೆಕೆಂಡ್, ಒತ್ತಿದ್ದಕ್ಕೆ ಪ್ರತಿಕ್ರಿಯೆ 200 ಮಿಲಿಸೆಕೆಂಡ್, ಪುಟದ ಜಿಗಿತ (ತೆರೆಯುವಾಗ ಅಂಶಗಳು ಜಾಗ ಬದಲಿಸುವುದನ್ನು ಅಳೆಯುವ ಅಂಕ) 0.1. ಆಫೀಸಿನ ವೈಫೈಯಲ್ಲಿ ಅಳೆದರೆ ಸುಳ್ಳು ಅಂಕ ಸಿಗುತ್ತದೆ.

ಕಣ್ಣು ಕಾಣದವರು ನಮ್ಮ ಸೈಟಿಗೆ ಬರ್ತಾರಾ? ಅವರಿಗೆ ಅಂತ ಏನ್ ಮಾಡ್ಬೇಕು?

ಬರುತ್ತಾರೆ, ಮತ್ತು ವಿಕಲಚೇತನರ ಹಕ್ಕುಗಳ 2016ರ ಕಾಯ್ದೆ ಅವರ ಪರ ಇದೆ. ಪುಟದ ಭಾಷೆ ಕನ್ನಡ ಎಂದು ಕೋಡಿನಲ್ಲಿ ಘೋಷಿಸಿ. ಕೆಎನ್ ಎಂಬ ಎರಡಕ್ಷರದ ಕೆಲಸ. ಅದಿಲ್ಲದಿದ್ದರೆ ಓದಿಹೇಳುವ ತಂತ್ರಾಂಶ ಇಂಗ್ಲಿಷ್ ದನಿಯಲ್ಲಿ ಕನ್ನಡ ಓದಲು ಹೋಗಿ ತೊದಲುತ್ತದೆ ಅಥವಾ ಬಾಯಿ ಮುಚ್ಚುತ್ತದೆ. ಉಚಿತವಾಗಿ ಸಿಗುವ ಓದಿಹೇಳುವ ತಂತ್ರಾಂಶ ಎನ್‌ವಿಡಿಎಯಲ್ಲಿ ಕನ್ನಡ ದನಿಯಿದೆ, ಕಣ್ಣು ಮುಚ್ಚಿ ಒಂದು ಫಾರಂ ತುಂಬಿ ನೋಡಿ.

ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರಷ್ಟು ಬಣ್ಣದ ಅಂತರ ಇರಲಿ. ಕನ್ನಡದ ಸಪೂರ ಒತ್ತುಗಳಿಗೆ ಅದೂ ಸಾಲದು, 7ಕ್ಕೆ ಹೋಗಿ. ಒತ್ತುವ ಜಾಗ 24 ಪಿಕ್ಸೆಲ್ ಚೌಕಕ್ಕಿಂತ ಚಿಕ್ಕದಿರಬಾರದು ಎನ್ನುತ್ತದೆ 2023ರ ಡಬ್ಲ್ಯುಸಿಎಜಿ 2.2 (ಎಲ್ಲರೂ ಬಳಸಬಲ್ಲ ಸೈಟಿಗಾಗಿ ಇರುವ ಅಂತರರಾಷ್ಟ್ರೀಯ ಮಾರ್ಗಸೂಚಿ), ಗದ್ದೆಯ ಕೆಲಸದ ಬೆರಳಿಗೆ 48 ಕೊಡಿ. ಶಾಲೆಯ ಸುತ್ತೋಲೆಯನ್ನು ಫೋಟೊ ತೆಗೆದು ಹಾಕಿದರೆ ತಂತ್ರಾಂಶ ಅದನ್ನು ಸರಿಯಾಗಿ ಓದಿಹೇಳುತ್ತದೆಂಬ ಭರವಸೆಯಿಲ್ಲ, ಪಠ್ಯವಾಗಿ ಹಾಕಿ.

ಜನರಿಗೆ ಅರ್ಥವಾಗುತ್ತಾ ಅಂತ ಪರೀಕ್ಷೆ ಮಾಡೋಕೆ ದೊಡ್ಡ ಬಜೆಟ್ ಬೇಕಾ?

ಐದು ಜನ, ಅವರವರದೇ ಫೋನು, ತಲೆಗೆ ಇಪ್ಪತ್ತು ನಿಮಿಷ, ಕಾಫಿ-ಉಪ್ಪಿಟ್ಟಿನ ಖರ್ಚು. ಆಫೀಸಿನವರು ಬೇಡ. ಒಬ್ಬರಾದರೂ ಅರವತ್ತು ದಾಟಿದವರು, ಫೋನಿನಲ್ಲಿ ಅಕ್ಷರ ದೊಡ್ಡದು ಮಾಡಿಟ್ಟುಕೊಂಡವರು ಇರಲಿ. 'ಬುಕಿಂಗ್ ಬಟನ್ ಒತ್ತಿ' ಎಂದರೆ ಉತ್ತರ ಹೇಳಿಕೊಟ್ಟಂತೆ. 'ಮುಂದಿನ ಶನಿವಾರ ನಾಲ್ಕು ಜನ ಬರ್ತೀರಿ, ಎಷ್ಟಾಗುತ್ತೆ ನೋಡಿ' ಎಂದು ಸಂದರ್ಭ ಕೊಡಿ. ಆಮೇಲೆ ಬಾಯಿ ಮುಚ್ಚಿಕೊಳ್ಳಿ. ತಡವರಿಸಿದಾಗ ಸಹಾಯಕ್ಕೆ ಹೋಗುವ ಚಪಲ ತಡೆದರೆ, ಬೆರಳು ಎಲ್ಲಿ ನಿಂತಿತು ಎಂಬುದೇ ನಿಮಗೆ ಬೇಕಾದ ಟಿಪ್ಪಣಿ. ಇಬ್ಬರು ಒಂದೇ ಕಡೆ ನಿಂತರೆ ಮೂರನೆಯವರನ್ನು ಕಾಯದೆ ತಿದ್ದಿ.

ಫೋನ್ ನಂಬರ್, ಆಧಾರ್ ಎಲ್ಲ ತಗೊಳ್ತೀವಿ. ಕಾನೂನು ಪ್ರಕಾರ ಏನಾದ್ರೂ ಹಾಕ್ಬೇಕಾ?

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಏನು ತೆಗೆದುಕೊಳ್ಳುತ್ತೀರಿ, ಯಾತಕ್ಕೆ ಎಂದು ತಿಳಿಸಿ ಒಪ್ಪಿಗೆ ಪಡೆಯಬೇಕು. ಆ ಸೂಚನೆಯನ್ನು ಇಂಗ್ಲಿಷ್ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ ಯಾವ ಭಾಷೆಯಲ್ಲಾದರೂ ಓದುವ ಆಯ್ಕೆ ಇರಬೇಕು. ಅದರಲ್ಲಿ ಕನ್ನಡವೂ ಇದೆ. 18 ದಾಟದವರ ವಿವರಕ್ಕೆ ಪೋಷಕರ ಒಪ್ಪಿಗೆ ಬೇಕು, ಟ್ಯೂಷನ್ ಸೆಂಟರಿನವರು ಗಮನಿಸಿ. ಸುಲಭದ ದಾರಿ ಎಂದರೆ ಬೇಡದ್ದನ್ನು ಕೇಳದಿರುವುದು. ಅಪಾಯಿಂಟ್‌ಮೆಂಟಿಗೆ ಆಧಾರ್ ಯಾಕೆ?

ಸೈಟ್ ಕೊಟ್ಟು ಎರಡು ವರ್ಷ ಆಯ್ತು, ಈಗಲೂ ಒಂದು ಫೋನ್ ನಂಬರ್ ಬದಲಿಸೋಕೆ ನನಗೇ ಕರೆ ಮಾಡ್ತಾರೆ. ತಪ್ಪಿಸೋದು ಹೇಗೆ?

ಬದಲಾಗುವ ವಿಷಯ ಬೆರಳೆಣಿಕೆಯಷ್ಟು: ನಂಬರು, ಸಮಯ, ದರ, ರಜೆ, ಸೂಚನೆ. ಅವಕ್ಕೆ ಮಾತ್ರ ಕನ್ನಡದಲ್ಲಿ ಒಂದು ಪುಟ್ಟ ತಿದ್ದುವ ಪುಟ ಮಾಡಿ, ಉಳಿದ ವಿನ್ಯಾಸಕ್ಕೆ ಕೈಹಾಕಲು ಬರದಂತೆ ಇಡಿ. ನಂಬರು ಒಂದೇ ಕಡೆ ದಾಖಲಾಗಿ ಎಲ್ಲ ಪುಟಗಳಲ್ಲೂ ಬದಲಾಗಬೇಕು. ಅಡಿಬರಹದಲ್ಲಿ ಹಳೆಯದು, ಮೇಲೆ ಹೊಸದು ಇರುವ ಸೈಟುಗಳು ಎಷ್ಟೋ. ಸೂಚನೆಗೆ ಮುಗಿಯುವ ತಾರೀಖು ಕಡ್ಡಾಯ ಮಾಡಿ, ಆ ದಿನ ತಾನೇ ಇಳಿಯಲಿ.

ಒಪ್ಪಿಸುವ ದಿನ ಯಜಮಾನರಲ್ಲ, ಕೌಂಟರಿನಲ್ಲಿ ಕೂರುವವರು ನಿಮ್ಮೆದುರೇ ತಮ್ಮ ಫೋನಿನಿಂದ ಒಂದು ರಜೆಯ ಸೂಚನೆ ಹಾಕಿ, ತೆಗೆದು ತೋರಿಸಲಿ. ಡೊಮೈನ್, ಹೋಸ್ಟಿಂಗ್, ಎಸ್‌ಎಂಎಸ್ ಖಾತೆಗಳ ಪಾಸ್‌ವರ್ಡ್, ನವೀಕರಣದ ತಾರೀಖು ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಕೊಡಿ, ಬೀರುವಿನಲ್ಲಿ ಇಡುವಂಥದ್ದು.